ಮೈದುನ ಬರೆದ ಅರ್ಜಿ, ನಾವು ಹೇಳಿದ ಒಡಪು

ಧಾರವಾಡದಿಂದ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರಕ್ಕೆ ಬೇಕಾದ ಮೆಣಸಿನಕಾಯಿ ಅದು. ಮಾಳಿಗೆಯ ಮೇಲೆ ನಾಲ್ಕು ದಿನ ಬಿಸಿಲು ಉಂಡು, ಕೈಗೆತ್ತಿಕೊಂಡರೆ ಗಲಗಲ ಅನ್ನುತ್ತಿತ್ತು. ಎದುರಿಗೆ ಅತ್ತೆಯವರು ಮೊರ ಹಿಡಿದು ಉದುರಿದ ಬೀಜ ಕೇರುತ್ತಿದ್ದರು. ಅಷ್ಟರಲ್ಲಿ ನನ್ನ ಮೈದುನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆಯದೆ ಒಳಗೆ ಬಂದ. ಅವನು ಕಾಲು ತೊಳೆಯದೆ ಒಳಗೆ ಬಂದದ್ದನ್ನು ಅದಕ್ಕೂ ಮೊದಲು ಒಂದೇ ಸಲ ನೋಡಿದ್ದೆ. ಹಾಗಾಗಿ ಕೈಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ಬಿದ್ದಿತು.

"ಅತ್ತಿಗೆವ್ವಾ, ನಮ್ಮ ಅರ್ಜಿ ಖೊಟ್ಟಿ ಅಂದಾರ," ಅಂದ.

"ಯಾರು?"

"ಧಾರವಾಡ ಕಚೇರಿಯವರು. ಅರವತ್ತೆರಡೂ ಸಹಿ ಒಬ್ಬರ ಕೈಲೆ ಬರದದ್ದು ಅಂತ ಕಾಗದ ಬಂದೈತಿ. ಸೋಮವಾರ ಸಾಹೇಬ್ರು ಬರ್ತಾರಂತ. ಸಹಿ ಮಾಡಿದ ಹೆಣ್ಮಕ್ಕಳು ಒಬ್ಬೊಬ್ಬರಾಗಿ ಎದುರಿಗೆ ನಿಂತು ಪೂರಾ ಹೆಸರು ಹೇಳಬೇಕಂತ. ಹೇಳದಿದ್ರ ಹೆರಿಗಿ ದವಾಖಾನಿ ನಮ್ಮೂರಿಗಿಲ್ಲ. ಬ್ಯಾರೆ ಊರಿನವರು ಕಾದು ಕುಂತಾರ."

"ಪೂರಾ ಅಂದ್ರ?"

"ನಿಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು."

ಅತ್ತೆಯವರು ಮೊರ ಕೆಳಗಿಟ್ಟರು. "ಗಂಡನ ಹೆಸರು ಬಾಯಿಲೆ ಹೇಳಬೇಕ? ಯಾಕ, ಆ ಸಾಹೇಬಗ ಮನ್ಯಾಗ ಹೆಂಡ್ತಿ ಇಲ್ಲೇನು?"

ಮೈದುನ ನಗಲಿಲ್ಲ. ನಾನೂ ನಗಲಿಲ್ಲ. ಯಾಕೆಂದರೆ ಧಾರವಾಡದವರು ಹಿಡಿದ ಆ ಕೈಬರಹ ನನ್ನದು.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಮೈದುನ ಈಗ ಇಲ್ಲ. ತುಂಬಿದ ಬಾಳು ಬಾಳಿ, ನೋವಿಲ್ಲದೆ, ಮಧ್ಯಾಹ್ನದ ಊಟ ಮಾಡಿ ಮಲಗಿದವನು ಹಾಗೆಯೇ ಹೋದ. ಶಿವ ಅಷ್ಟು ದಯೆ ತೋರಿದ. ಅವನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಅವನ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ದೊಡ್ಡ ದೊಡ್ಡವರೆಲ್ಲ ಬರೆದಿದ್ದಾರೆ, ಮನೆಯವರದೂ ಒಂದು ಇರಲಿ ಎಂದು ಕೇಳಿದರು. ನಾನು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಬರೆಯುತ್ತೇನೆ ಅಂದೆ. ಒಂದು ಮಾತು ಮಾತ್ರ. ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಗಂಡನ ಹೆಸರು ಬರೆಯದವಳು ಉಳಿದವರ ಹೆಸರೆಲ್ಲ ಬರೆಯುತ್ತ ಹೋದರೆ ನಮ್ಮವರಿಗೆ ಕಡಿಮೆ ಮಾಡಿದಂತಾಗುತ್ತದೆ. ಊರಿಗೆಲ್ಲ ಅವನು ಮಾಸ್ತರರು. ನನಗೆ ಮೈದುನ. ಅವನು ಅಂತಲೇ ಬರೆಯುತ್ತೇನೆ, ಓದುವವರು ಬೇಸರ ಮಾಡಿಕೊಳ್ಳಬಾರದು.

ನಾನು ಮದುವೆಯಾಗಿ ಶಿರಹಟ್ಟಿಗೆ ಬಂದಾಗ ಅವನು ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆಯಲ್ಲಿದ್ದ. ನನಗೂ ಅವನಿಗೂ ವಯಸ್ಸಿನಲ್ಲಿ ಬಹಳ ಅಂತರವಿರಲಿಲ್ಲ. ನಾನು ರೊಟ್ಟಿ ಬಡಿಯಲು ಕುಳಿತರೆ ಅವನು ಅಡುಗೆಮನೆಯ ಬಾಗಿಲಿಗೆ ಒರಗಿ ಪಾಠ ಒಪ್ಪಿಸುತ್ತಿದ್ದ. "ಅತ್ತಿಗೆವ್ವಾ, ಇದು ಯಾವ ಅಕ್ಷರ ಹೇಳು," ಎಂದು ಪರಾತದ ಹಿಟ್ಟಿನಲ್ಲಿ ಬೆರಳಿಂದ ಬರೆಯುತ್ತಿದ್ದ. ಅದನ್ನು ಅಳಿಸಿ ನಾನು ಬರೆಯಬೇಕು. ನಾನು ಅಆಇಈ ಕಲಿತದ್ದು ಜೋಳದ ಹಿಟ್ಟಿನಲ್ಲಿ. ಕಲಿತದ್ದನ್ನು ನಾದಿಕೊಂಡು ರೊಟ್ಟಿ ಮಾಡಿ ಅವನಿಗೇ ಉಣಿಸುತ್ತಿದ್ದೆ.

ಆಗ ನಮ್ಮ ಊರು ಸಂಸ್ಥಾನಕ್ಕೆ ಸೇರಿತ್ತು. ಗದಗ ಇಂಗ್ರಜರದು. ಮುಂಡರಗಿ ದಾಟಿ ಮೂಡಲಕ್ಕೆ ಹೋದರೆ ನಿಜಾಮರದು. ಬೀಗರ ಮನೆಗೆ ಹೋಗಬೇಕಾದರೂ ಒಬ್ಬ ರಾಜನನ್ನು ಬಿಟ್ಟು ಇನ್ನೊಬ್ಬ ರಾಜನ ಸೀಮೆಗೆ ಕಾಲಿಡಬೇಕು. ಚಾವಡಿಯ ಕಾಗದಪತ್ರವೆಲ್ಲ ಮರಾಠಿ. ನಮ್ಮ ಮಾವನವರು ತಮ್ಮ ಹೊಲದ ಕಾಗದವನ್ನು ಬೇರೆಯವರಿಂದ ಓದಿಸಿ ತಿಳಿದುಕೊಳ್ಳಬೇಕಿತ್ತು. ಮೈದುನ ಅದನ್ನು ನೋಡುತ್ತ ಬೆಳೆದ. ಹೈಸ್ಕೂಲಿಗೆ ಗದಗಿಗೆ ಹೋಗಿ ಮಠದ ಪ್ರಸಾದ ಉಂಡು ಓದಿದ. ಆಮೇಲೆ ಧಾರವಾಡದ ಕಾಲೇಜು. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸ್ತಿಲು ತುಳಿದವನು ಅವನೇ ಮೊದಲು. ರಜೆಗೆ ಬಂದಾಗ ಅವನ ಅಂಗಿಯ ತೋಳು ಮೂಸಿ ನೋಡಿ ಅತ್ತೆಯವರು, "ನೋಡವಾ, ಪುಸ್ತಕದ ವಾಸನಿ ಬರಾಕತ್ತೈತಿ," ಅನ್ನುತ್ತಿದ್ದರು.

ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು ನನ್ನ ನಾದಿನಿ. ನಾನು ಮದುವಣಗಿತ್ತಿಯಾಗಿ ಈ ಮನೆಯ ಬಾಗಿಲಿಗೆ ಬಂದಾಗ ಎರಡೂ ಕೈ ಚಾಚಿ ಬಾಗಿಲು ತಡೆದವಳು ಅವಳೇ. ನಮ್ಮ ಕಡೆ ಅದು ಪದ್ಧತಿ. ಹೊಸ ಸೊಸೆ ಪ್ರಾಸ ಹೊಂದಿಸಿ ಒಡಪು ಕಟ್ಟಿ, ಅದರೊಳಗೆ ಗಂಡನ ಹೆಸರಿಟ್ಟು ಹೇಳಬೇಕು, ಆಮೇಲೆಯೇ ನಾದಿನಿ ಒಳಗೆ ಬಿಡುವುದು. ಉಳಿದ ದಿನ ಗಂಡನ ಹೆಸರು ಬಾಯಲ್ಲಿ ಬರಬಾರದು, ಬಂದರೆ ಅವರ ಆಯುಷ್ಯಕ್ಕೆ ಕುಂದು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ನನಗೆ ನಾಚಿಕೆಗೆ ಒಡಪೇ ನೆನಪಾಗಲಿಲ್ಲ. ಅವಳು ಬಾಗಿಲು ಹಿಡಿದುಕೊಂಡೇ ನನ್ನ ಕಿವಿಯಲ್ಲಿ ಒಂದು ಒಡಪು ಹೇಳಿಕೊಟ್ಟಳು, ನಾನು ಅದನ್ನೇ ಒಪ್ಪಿಸಿ ಒಳಗೆ ಬಂದೆ. ಕೇಳುವವಳೂ ಅವಳೇ, ಹೇಳಿಕೊಟ್ಟವಳೂ ಅವಳೇ. ಅಂಥ ಹುಡುಗಿ ಅವಳು.

ಮೊದಲ ಹೆರಿಗೆಗೆ ತವರಿಗೆ ಬಂದಳು. ಎರಡು ದಿನ ಬೇನೆ ತಿಂದಳು. ನಮ್ಮ ಓಣಿಯ ಸೂಲಗಿತ್ತಿ ಪುಣ್ಯವಂತೆ, ನೂರಾರು ಕೂಸು ಹಿಡಿದ ಕೈ. ಅವಳೇ ಕೈಮುಗಿದು, "ಇದು ನನ್ನಿಂದ ಆಗೂದಲ್ರಿ, ಗದಗಿಗೆ ಒಯ್ರಿ," ಅಂದಳು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಕೌದಿ ಹಾಸಿ ಮಲಗಿಸಿದೆವು. ನನ್ನ ತೊಡೆಯ ಮೇಲೆ ಅವಳ ತಲೆ. ಮಲ್ಲಸಮುದ್ರ ಬಂತು, ಇನ್ನೇನು ಗದಗಿನ ಗಿರಣಿಯ ಚಿಮಣಿ ಕಾಣುತ್ತದೆ ಅನ್ನುವಾಗ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು. ತಾಯಿಯೂ ಹೋದಳು, ಕೂಸೂ ಹೋಯಿತು. ಮೂರನೆಯ ದಿನ ಮೈದುನ ಧಾರವಾಡದಿಂದ ಬಂದ. ಕಾಲು ತೊಳೆಯದೆ ಒಳಗೆ ಬಂದದ್ದು ಅಂದೇ.

ಅಳಲಿಲ್ಲ. "ಚಕ್ಕಡಿ ಎಷ್ಟು ತಾಸು ನಡೀತು?" ಅಂತ ಕೇಳಿದ. ನಾನು ಹೇಳಿದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಆಗ ನನಗೆ ಸಿಟ್ಟು ಬಂದಿತ್ತು. ಒಡಹುಟ್ಟಿದ ಅಕ್ಕ ಹೋಗಿದ್ದಾಳೆ, ಇವನು ತಾಸು ಬರೆದುಕೊಳ್ಳುತ್ತಾನಲ್ಲ ಎಂದು. ಆ ಚೀಟಿ ಏನಾಯಿತೆಂದು ಮುಂದೆ ತಿಳಿಯಿತು. ಅದೇ ಅರ್ಜಿಯ ಮೊದಲ ಸಾಲಾಯಿತು.

ಅವನು ಬಿ.ಎ. ಪಾಸಾದ. ಮರುವರ್ಷ ಸ್ವಾತಂತ್ರ್ಯ ಬಂತು. ಸಂಸ್ಥಾನ ಹೋಗಿ ನಾವೂ ಧಾರವಾಡ ಜಿಲ್ಲೆಗೆ ಸೇರಿದೆವು. ಮುಂಬಯಿ ಕಚೇರಿಯಿಂದ ಅವನಿಗೆ ನೌಕರಿಗೆ ಕರೆ ಬಂತು. ಅವನು ಒಲ್ಲೆ ಎಂದು ಗದಗಿನ ಒಂದು ಸಾಲೆಗೆ ಮಾಸ್ತರನಾಗಿ ಸೇರಿದ. ಮಾವನವರು ಕೆಂಡವಾದರು.

"ಬಿ.ಎ. ಮಾಡಿದ್ದು ಸಾಲ್ಯಾಗ ಹಲಗಿ ಮುಂದ ಖಡು ಹಿಡಿಯಾಕೇನಲೇ?"

"ಖಡು ಹಿಡಿದ್ರ ಕೈ ಬೆಳ್ಳಗಾಕ್ಕಾವು, ಮಸಿ ಹಿಡಿದ್ರ ಕರ್ರಗಾಕ್ಕಾವು. ತೊಳದ್ರ ಎರಡೂ ಹೋಗ್ತಾವು ಬಿಡಪಾ," ಅಂದ. ಮಾವನವರು ಎದ್ದು ಹೊಲಕ್ಕೆ ಹೋದರು. ಸಂಜೆ ಬರುವಾಗ ಅವನಿಗೆ ಇಷ್ಟವೆಂದು ಎಳೆ ಜೋಳದ ಸೀತನಿ ತೆನೆ ಮುರಿದು ತಂದಿದ್ದರು.

ಕಾಲೇಜು ಬಿಟ್ಟರೂ ಅವನು ಕಾಲೇಜಿನ ಗೆಳೆಯರನ್ನು ಬಿಡಲಿಲ್ಲ. ಶನಿವಾರ ಬಸ್ಸಿಗೆ ಊರಿಗೆ ಬರುತ್ತಿದ್ದ. ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಕಾರ್ಡು ಬರೆಯುವುದು. ಒಬ್ಬ ಗೆಳೆಯ ಗದಗಿನಲ್ಲಿ ಡಾಕ್ಟರಾಗಿದ್ದ, ಒಬ್ಬ ಧಾರವಾಡದ ಕಚೇರಿಯಲ್ಲಿದ್ದ, ಒಬ್ಬ ಲಕ್ಷ್ಮೇಶ್ವರದಲ್ಲಿ ವಕೀಲ. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಸೇರುತ್ತಿದ್ದರು. ಎಲ್ಲರೂ ಹಾಸ್ಟೆಲಿನ ತಮಾಷೆ ಹೇಳಿ ನಗುತ್ತಿದ್ದರೆ ಇವನು ಎದ್ದು ನಿಂತು, ನಮ್ಮ ಊರಿಗೆ ಇಂಥದೊಂದು ಬೇಕು ಅನ್ನುತ್ತಿದ್ದನಂತೆ. ಒಂದು ವರ್ಷ ವಾಚನಾಲಯಕ್ಕೆ ಪುಸ್ತಕ. ಒಂದು ವರ್ಷ ಡಂಬಳದ ಕಡೆಯ ಇಬ್ಬರು ಹುಡುಗಿಯರ ಓದಿಗೆ ಗದಗಿನಲ್ಲಿ ಇರಲು ಒಂದು ಮನೆ. ಅವನು ಎದ್ದರೆ ಗೆಳೆಯರು, "ಬಂತಪ್ಪಾ ಶಿರಹಟ್ಟಿ ಅರ್ಜಿ," ಎಂದು ನಗುತ್ತಿದ್ದರಂತೆ. ನಗುತ್ತಲೇ ಮಾಡಿಕೊಡುತ್ತಿದ್ದರು. "ಪದವಿ ಕಾಗದ ಟ್ರಂಕಿನ್ಯಾಗ ಐತಿ ಅತ್ತಿಗೆವ್ವಾ, ತೆಗದು ನೋಡೂ ಪ್ರಸಂಗ ಬಂದಿಲ್ಲ. ದಿನಾ ಉಪಯೋಗ ಬರಾವ್ರು ಈ ಗೆಳ್ಯಾರು," ಅನ್ನುತ್ತಿದ್ದ.

ಆ ಧಾರವಾಡದ ಗೆಳೆಯನೇ ಒಂದು ಕಾರ್ಡು ಬರೆದ. ಸರಕಾರ ಸಣ್ಣ ಊರುಗಳಿಗೆ ಹೆರಿಗೆ ಆಸ್ಪತ್ರೆ ಕೊಡುತ್ತದೆ, ನರ್ಸಬಾಯಿ ಅಲ್ಲೇ ಇರುತ್ತಾಳೆ, ಆದರೆ ಕಚೇರಿಯಲ್ಲಿ ಒಂದು ಅನುಮಾನವಿದೆ: ನಿಮ್ಮ ಕಡೆಯ ಹೆಣ್ಣುಮಕ್ಕಳು ಮನೆ ಬಿಟ್ಟು ಬಂದು ಹೆರುತ್ತಾರೆಯೇ? ಗಂಡಸರ ಅರ್ಜಿ ಬೇಡ, ಹೆಣ್ಣುಮಕ್ಕಳೇ ಸಹಿ ಮಾಡಿ ಕೇಳಲಿ. ಹೆಬ್ಬೆಟ್ಟು ನಡೆಯುವುದಿಲ್ಲ.

ಮೈದುನ ಕಾರ್ಡು ಓದಿ ಎದ್ದವನೇ ಈಶ್ವರ ಗುಡಿಗೆ ಹೋಗಿ ಪೌಳಿಯ ಗೋಡೆಗೆ ಒಂದು ಕರಿಹಲಗೆ ನಿಲ್ಲಿಸಿದ. ಶನಿವಾರ, ಭಾನುವಾರ ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳೆಲ್ಲ ಅಲ್ಲಿ. ಅವನು ಹಲಗೆಯ ಮೇಲೆ ದೊಡ್ಡದಾಗಿ ಅಕ್ಷರ ಬರೆದು, ಹೊರಗೆ ಹೋಗಿ ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂಡುತ್ತಿದ್ದ, ನಾವು ನಾಚಬಾರದೆಂದು. ಒಳಗೆ ತಿದ್ದಿಸುವವಳು ನಾನು. ಮೊಟ್ಟಮೊದಲು ಹೆಸರು ಬರೆಯಲು ಕಲಿತವಳು ಯಾರೆಂದರೆ ಆ ಸೂಲಗಿತ್ತಿ.

"ದವಾಖಾನಿ ಬಂದ್ರ ನಿನ್ನ ಕೆಲಸ ಹೊಕ್ಕೈತಲ್ಲಬೇ," ಎಂದು ಯಾರೋ ಕೆಣಕಿದರು.

"ಹೋಗಲಿ ಬಿಡ. ಆ ಹುಡುಗಿಗೆ ಕೈಮುಗದು ಕಳಿಸೀನಲ್ಲ, ಇನ್ನೊಬ್ಬಾಕಿಗೆ ಹಂಗ ಕೈಮುಗಿಯೂದು ನನ್ನಿಂದ ಆಗೂದಿಲ್ಲ," ಅಂದಳು. ಮರುದಿನ ಇನ್ನೂ ಹತ್ತು ಮಂದಿ ಹೆಚ್ಚು ಬಂದರು.

ಮೂರು ತಿಂಗಳಲ್ಲಿ ಅರವತ್ತೆರಡು ಮಂದಿ ತಮ್ಮ ಹೆಸರು ತಾವು ಬರೆಯುವಂತಾದೆವು. ಸಹಿ ಮಾಡುವ ದಿನ ಅರ್ಜಿಯ ಹಾಳೆಗಳನ್ನು ನನ್ನ ಕೈಗೆ ಕೊಟ್ಟು ಅವನು ಎಂದಿನಂತೆ ಹೊರಗೆ ಕುಳಿತ. ಹಾಳೆಯ ಮೇಲೆ ಮೂರು ಮನೆ ಗೆರೆ ಎಳೆದಿತ್ತು: ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು. ಸೂಲಗಿತ್ತಿ ತನ್ನ ಹೆಸರು ಬರೆದಳು. ಎರಡನೆಯ ಮನೆಗೆ ಬಂದು ಲೆಕ್ಕಣಿಕೆ ಕೆಳಗಿಟ್ಟುಬಿಟ್ಟಳು.

"ಹೇಳಬಾರದ್ದು ಬರೀಬೌದೇನು?"

ಯಾರಿಗೂ ಗೊತ್ತಿರಲಿಲ್ಲ. ಶಾಸ್ತ್ರ ಮಾಡಿದವರು ಬರೆಯುವ ಹೆಂಗಸರನ್ನು ಕಂಡಿದ್ದರೆ ತಾನೆ! ನಮ್ಮ ಪಕ್ಕದ ಮನೆಯವಳು, ಬೆಟಗೇರಿಯ ನೇಕಾರರ ಮಗಳು, "ಯಕ್ಕಾ, ಇವರ ಗಂಡ ನಿನಗ ಏನೂ ಆಗಬೇಕಾಗಿಲ್ಲಲ್ಲ, ನೀ ಬರಿ. ದೋಷ ಇಲ್ಲ," ಅಂದಳು. ಸರಿ ಅನಿಸಿತು. ನಾನು ಬರೆದೆ. ಆಮೇಲೆ ಒಬ್ಬೊಬ್ಬರೇ, "ನಂದೂ ನೀನ ಬರಿ, ನಿನ್ನ ಅಕ್ಷರ ಮುತ್ತಿನಂಗ ಅದಾವ." ಹೊಗಳಿಕೆಗೆ ನಾನೂ ಉಬ್ಬಿದೆ. ಗಂಡಂದಿರ ಹೆಸರು ಬರೆದೆ, ಕೈಯಲ್ಲಿ ಲೆಕ್ಕಣಿಕೆ ಇದ್ದಾಗಲೇ ಆಗಲಿ ಎಂದು ಅಡ್ಡಹೆಸರೂ ಬರೆದೆ. ಅರವತ್ತೊಂದು ಮಂದಿಯದು. ನನ್ನ ಸಾಲಿನಲ್ಲಿ ಮಾತ್ರ ಬೆಟಗೇರಿಯವಳು ಬರೆದಳು. ಇರುವೆ ಹರಿದಂತೆ ಬರೆದಳು.

ಆ ಹಾಳೆ ಧಾರವಾಡದ ಮೇಜಿನ ಮೇಲೆ ಹೇಗೆ ಕಂಡಿರಬೇಕು ನೀವೇ ಹೇಳಿ.

ಸುದ್ದಿ ತಂದ ಆ ದಿನ ಇದನ್ನೆಲ್ಲ ಮೈದುನನಿಗೆ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಮೆಣಸಿನಕಾಯಿಯ ರಾಶಿಯ ಪಕ್ಕ ಕುಳಿತ. "ತಪ್ಪು ನಂದು. ಮೂರು ಮನಿ ಗೆರಿ ಎಳದಾವ ನಾನು. ಹೊರಗ ಬೆನ್ನು ಮಾಡಿ ಕುಂತಾವ್ನೂ ನಾನು," ಅಂದ.

"ಎಲ್ಲಾರಿಗೂ ಹೇಳೋಣೇನು, ಒಂದ ಸಲ ಹೇಳಿಬಿಡ್ರಿ, ಏನೂ ಆಗೂದಿಲ್ಲ ಅಂತ?"

"ಬ್ಯಾಡ ಅತ್ತಿಗೆವ್ವಾ. ಹೇಳಿದ ಮ್ಯಾಲ ಯಾರ ಗಂಡಗರ ತಲಿ ನೋವು ಬಂದ್ರೂ ಆಕಿ ಜೀವನಾ ಪೂರ್ತಿ ನನ್ನಿಂದ ಬಂತು ಅಂತ ಅಳ್ತಾಳ. ಮನಸ್ಸು ಮುರದು ದವಾಖಾನಿ ಕಟ್ಟೂದು ನನಗ ಬ್ಯಾಡ. ಸಾಹೇಬ್ರಿಗೆ ನಾನ ತಿಳಿಸಿ ಹೇಳ್ತೀನಿ."

ಅವನ ಮುಖ ನೋಡಿದರೆ ತಿಳಿಸುವುದಾಗುತ್ತದೆ ಎಂಬ ಧೈರ್ಯ ಅವನಿಗೇ ಇರಲಿಲ್ಲ. ಆ ಎರಡು ದಿನ ನಾನು ಉಂಡದ್ದು ಉಂಡಂತಿರಲಿಲ್ಲ. ಮುಂಜಾನೆ ಪೂಜೆಗೆ ಕುಳಿತರೆ ಮಂತ್ರ ಮರೆತು, "ಶಿವನೇ, ನನ್ನ ಅಕ್ಷರದ ಸೊಕ್ಕು ಇಳಿಸಿದಿ, ಸಾಕು. ಊರಿನ ಮ್ಯಾಲ ಸಿಟ್ಟು ಮಾಡಬ್ಯಾಡ," ಎಂದು ಬೇಡುತ್ತಿದ್ದೆ.

ಸೋಮವಾರ ಬಂತು. ಹಳೆಯ ಸಂಸ್ಥಾನದ ಚಾವಡಿಯಲ್ಲಿ ಮೇಜು ಹಾಕಿದ್ದರು. ಸಾಹೇಬರು ಕನ್ನಡಕ ಹಾಕಿದ, ತೆಳ್ಳನೆಯ, ನಡುವಯಸ್ಸಿನ ಮನುಷ್ಯ. ಮನೆಮಾತು ಮರಾಠಿ. ಕನ್ನಡ ಕಲಿತಿದ್ದರು, ತಡವರಿಸಿ ಆಡುತ್ತಿದ್ದರು. ಪಕ್ಕದಲ್ಲಿ ಕೆಂಪು ಪೆನ್ಸಿಲು ಹಿಡಿದ ಕಾರಕೂನ. ಅರವತ್ತೆರಡು ಹೆಂಗಸರು ಸೆರಗು ಹೊದ್ದು ಸಾಲಾಗಿ ಕುಳಿತಿದ್ದೆವು. ಮೈದುನ ಏನೋ ಹೇಳಲು ಹೋದ. "ಮಾಸ್ತರ, ನೀವು ಬಾಹೇರ. ಗಂಡಸರು ಯಾರೂ ನಕೋ," ಎಂದು ಅವನನ್ನು ಅಂಗಳಕ್ಕೆ ಕಳಿಸಿಬಿಟ್ಟರು.

ಮೊದಲು ಸೂಲಗಿತ್ತಿಯನ್ನು ಕರೆದರು. ತನ್ನ ಹೆಸರು ಗಟ್ಟಿಯಾಗಿ ಹೇಳಿದಳು.

"ಗಂಡನ ಹೆಸರು?"

ಸೂಲಗಿತ್ತಿ ತೊಲೆ ನೋಡಿದಳು. "ಕಾಗದದಾಗ ಐತೆಲ್ರಿ."

"ಕಾಗದ ನಾನು ಓದುತ್ತೇನೆ ಬಾಯಿ. ನೀವು ಹೇಳಬೇಕು."

"ಆಕಿ ಹೇಳ್ತಾಳ ತಗೋರಿ," ಎಂದು ಪಕ್ಕದವಳ ಕಡೆ ಕೈ ಮಾಡಿದಳು. ಕಾರಕೂನ ಕೆಂಪು ಗೆರೆ ಹೊಡೆದ.

ಎರಡನೆಯವಳು ಎಣ್ಣೆ ಗಾಣದವರ ಸೊಸೆ, ಬುದ್ಧಿವಂತೆ. "ಗಣಪ್ಪನ ಅಪ್ಪನ ಹೆಸರ್ರಿ," ಅಂದಳು.

"ಗಣಪ್ಪನ ಅಪ್ಪಗೆ ಸಾವಿರ ಹೆಸರು ಇವೆ ಬಾಯಿ. ಅದರಲ್ಲಿ ಯಾವುದು?"

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕುಳಿತುಬಿಟ್ಟಳು. ಇನ್ನೊಂದು ಕೆಂಪು ಗೆರೆ. ಮೂರನೆಯವಳು ಬೆಟಗೇರಿಯವಳು, ಎದ್ದು ನಿಂತವಳು ಅಳುವುದಕ್ಕೇ ಶುರುಮಾಡಿದಳು. ಮೂರನೆಯ ಗೆರೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಾರಕೂನನಿಗೆ ಕಾಗದ ಮಡಚುವಂತೆ ಕೈ ಮಾಡಿದರು.

ನಾಲ್ಕನೆಯ ಹೆಸರು ನನ್ನದು. ಕರೆಯುವ ಮೊದಲೇ ಎದ್ದೆ. ಬಾಗಿಲ ಕಡೆ ನೋಡಿದೆ. ಅಂಗಳದಲ್ಲಿ ಮೈದುನ ಬೇವಿನ ಗಿಡಕ್ಕೆ ಒರಗಿ, ನಮಗೆ ಬೆನ್ನು ಮಾಡಿ ನಿಂತಿದ್ದ. ಚಾವಡಿಯ ಆ ಬಾಗಿಲು, ಆ ಚೌಕಟ್ಟು, ಎರಡೂ ಕಡೆ ಕೈ ಚಾಚಿದರೆ ಸರಿಯಾಗಿ ಮುಟ್ಟುವಷ್ಟು ಅಗಲ. ನನ್ನ ನಾದಿನಿ ಅಲ್ಲಿ ನಿಂತಿದ್ದಾಳೆ ಅನಿಸಿತು. ಹೆಸರು ಹೇಳಿದರೆ ಒಳಗೆ ಬಿಡ್ತೀನಿ ಅನ್ನುತ್ತಿದ್ದಾಳೆ. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಹಸರ ಬಳಿ ಕೈ ತುಂಬ, ಕುಂಕುಮ ಹಣಿ ತುಂಬ,
ಜ್ವಾಳದ ಸೇರು ಇಟ್ಟಾರ ಹೊಸ್ತಿಲ ತುಂಬ,
ಬಾಗಿಲಾ ಬಿಡ ನಾದಿನಿ, ಬರತೀನಿ ನಗಿ ತುಂಬ,"

ಆಮೇಲೆ ನನ್ನ ಗಂಡನ ಹೆಸರು. ಆ ಹೆಸರು ಗಟ್ಟಿಯಾಗಿ, ಚಾವಡಿಯ ತೊಲೆಗೆ ಬಡಿಯುವಂತೆ ಹೇಳಿ, "ಅವರ ಹೆಸರು ನನ್ನ ಎದಿ ತುಂಬ," ಎಂದು ಮುಗಿಸಿದೆ.

ಕಾರಕೂನನ ಪೆನ್ಸಿಲು ಮೇಲೆಯೇ ನಿಂತಿತು. ಸಾಹೇಬರು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಅರಳಿತು ನೋಡಿ, ಕೊಡೆ ಬಿಚ್ಚಿದಂತೆ. "ಅರೇ! ಹಾ ತರ ಉಖಾಣಾ!" ಅಂದರು. ಅವರ ಕಡೆ ಒಡಪಿಗೆ ಉಖಾಣಾ ಅನ್ನುತ್ತಾರಂತೆ. "ನಮ್ಮ ಮನೆಯಲ್ಲಿ ಹೀಗೇ ಬಾಯಿ. ಹನ್ನೆರಡು ವರುಷ ಆಯಿತು ಲಗ್ನ ಆಗಿ. ನನ್ನ ಹೆಸರು ಅವಳ ಬಾಯಿಂದ ಎರಡೇ ಸಲ ಕೇಳಿದ್ದೇನೆ."

ಅತ್ತೆಯವರು ಹಿಂದಿನಿಂದ, "ಹೆಂಡ್ತಿ ಅದಾಳ ಅಂದಂಗಾತು," ಅಂದರು. ಚಾವಡಿಯೆಲ್ಲ ನಕ್ಕಿತು.

ಸಾಹೇಬರು ಅರ್ಜಿಯ ಹಾಳೆ ನನ್ನ ಮುಂದೆ ಹಿಡಿದರು. "ಈ ಅಕ್ಷರ ಯಾರದು?"

"ನಂದರಿ."

"ಎಲ್ಲ ನೀವೇ ಬರೆದದ್ದು?"

"ಅವರವರ ಹೆಸರು ಅವರವರ ಬರದಾರ್ರಿ. ಗಂಡಂದಿರದು ನಾ ಬರದೇನಿ. ನಮ್ಮನಿಯವರದೊಂದು ಬರದಿಲ್ರಿ."

ಅವರು ಬೆರಳಿಟ್ಟು ನನ್ನ ಸಾಲು ಹುಡುಕಿದರು. ಅರವತ್ತೊಂದು ಸಾಲಿನಲ್ಲಿ ನನ್ನ ಅಕ್ಷರ, ನನ್ನ ಸಾಲಿನಲ್ಲಿ ಮಾತ್ರ ಇರುವೆ ಹರಿದ ಅಕ್ಷರ. ಆ ಹಾಳೆಯನ್ನು ಕಾರಕೂನನಿಗೆ ತೋರಿಸಿ ನಕ್ಕರು. "ಖೊಟ್ಟಿ ಮಾಡುವವಳು ತನ್ನದನ್ನು ಬಿಡುತ್ತಾಳೆಯೇ?" ಎಂದು ಹೇಳಿ, ಕೆಂಪು ಪೆನ್ಸಿಲನ್ನು ಅವನ ಕೈಯಿಂದ ತೆಗೆದು ಕಿಸೆಯಲ್ಲಿ ಇಟ್ಟುಕೊಂಡರು. "ಹೇಳಿ, ಎಲ್ಲರೂ ಉಖಾಣಾ ಹೇಳಿ. ಮೊದಲಿನ ಮೂವರು ಮತ್ತೆ ಬನ್ನಿ."

ಆಮೇಲೆ ನೋಡಬೇಕಿತ್ತು ನೀವು. ಮದುವೆ ಮನೆಯಲ್ಲೂ ಅಂಥ ಒಡಪು ಕೇಳಿರಲಿಲ್ಲ. ಬೆಟಗೇರಿಯವಳು ಕಣ್ಣೊರೆಸಿಕೊಂಡು ಬಂದು, "ಗದಗಿನ ಬಸ್ಸಿಗೆ ನಾಕು ಗಾಲಿ," ಅಂದಳು, ಗಂಡನ ಹೆಸರು ಹೇಳಿದಳು, "ಅವರು ಊಟಕ್ಕ ಕುಂತ್ರ ಬುಟ್ಟಿ ಖಾಲಿ!" ಸಾಹೇಬರು ಮೇಜು ಬಡಿದರು. ಸೂಲಗಿತ್ತಿ ಸುಮ್ಮನಿರುತ್ತಾಳೆಯೇ? "ಬದನಿಕಾಯಿ ಎಣಗಾಯಿ ಮ್ಯಾಲ ಬೆಣ್ಣಿ ಉಂಡಿ," ಹೆಸರು, "ಅವರು ಸಿಟ್ಟಿಗೆದ್ರ ನಿಗಿನಿಗಿ ಕೆಂಡದ ಗುಂಡಿ!" ಒಬ್ಬರಿಗಿಂತ ಒಬ್ಬರು. ಮರೆತವಳಿಗೆ ಪಕ್ಕದವಳು ಹೇಳಿಕೊಡುವುದು, ಹೆಸರು ಬರುವಲ್ಲಿ ಅವಳೇ ಹೇಳಬೇಕು ಎಂದು ಎಲ್ಲರೂ ಕೈತಟ್ಟಿ ಕಾಯುವುದು.

ಕೊನೆಗೆ ಉಳಿದವರು ನನ್ನ ಅತ್ತೆ. ಮಗಳು ಹೋದ ಮೇಲೆ ಅವರು ಯಾವ ಶುಭಕಾರ್ಯದಲ್ಲೂ ಒಡಪು ಹೇಳಿರಲಿಲ್ಲ. ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ದನ ಕರೆಯುವಾಗ ಇಡೀ ಓಣಿಗೆ ಕೇಳುವ ಅವರ ದನಿ ಅಂದು ಬಹಳ ಮೆತ್ತಗಿತ್ತು.

"ಹಾಲಿನಂಥಾ ಬೆಳದಿಂಗಳು, ಮಸರಿನಂಥಾ ಮುಗಿಲು," ಮಾವನವರ ಹೆಸರು, "ಅವರ ಊರಿಗೆ ಬರಲಿ ತುಂಬಿದ ತೊಟ್ಟಿಲು."

ಯಾರೂ ಕೈತಟ್ಟಲಿಲ್ಲ. ಸಾಹೇಬರು ಎದ್ದು ನಿಂತು ಅವರಿಗೆ ಕೈಮುಗಿದರು. ಆಮೇಲೆ ಕುಳಿತು ಅರ್ಜಿಯ ಕೆಳಗೆ ಬರೆದರು. ಏನು ಬರೆದರೆಂದು ನನಗೆ ಓದಲು ಕೊಟ್ಟರು. ಇಂಗ್ಲಿಷಿನಲ್ಲಿತ್ತು, ನನಗೆ ಬರಲಿಲ್ಲ. ಬಾಗಿಲಿಗೆ ಒಯ್ದು ಮೈದುನನಿಗೆ ಕೊಟ್ಟೆ. ಒಳಗಿನ ನಗು ಕೇಳಿ ಅವನು, ಎಲ್ಲ ಕೆಟ್ಟಿತು, ನಮ್ಮನ್ನು ಹಾಸ್ಯ ಮಾಡುತ್ತಿದ್ದಾರೆ ಎಂದು ತಿಳಿದುಕೊಂಡಿದ್ದನಂತೆ. ಓದಿದ. ಇನ್ನೊಮ್ಮೆ ಓದಿದ.

"ಏನಂತ ತಮ್ಮಾ?"

"ಎಲ್ಲಾ ಸಹಿ ಖರೆ ಅದಾವು, ಈ ಊರಿನ ಹೆಣ್ಮಕ್ಕಳು ಖಂಡಿತ ಬರ್ತಾರ ಅಂತ ಬರದಾರ," ಅಂದ. ಆಮೇಲೆ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಚಕ್ಕಡಿಯ ತಾಸು ಬರೆದುಕೊಂಡ ದಿನ ಅಳದವನು ಅಂದು ಬೇವಿನ ಗಿಡದ ಕೆಳಗೆ ಎಲ್ಲರೆದುರು ಅತ್ತ.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಳೆಗಾಲ ಮುಗಿಯುವುದರೊಳಗೆ ನರ್ಸಬಾಯಿ ಬಂದಳು. ಕಟ್ಟಡ ಕಟ್ಟುವವರೆಗೆ ಅದೇ ಚಾವಡಿಯನ್ನು ಸುಣ್ಣ ಹೊಡೆದು ಕೊಟ್ಟರು. ಮರಾಠಿ ದಫ್ತರದ ಗಂಟುಗಳಿದ್ದ ಕೋಣೆಯಲ್ಲಿ ಎರಡು ಮಂಚ, ಒಂದು ತೊಟ್ಟಿಲು. ಗದಗಿನ ಡಾಕ್ಟರ ಗೆಳೆಯ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ನರ್ಸಬಾಯಿಯ ಪಕ್ಕದಲ್ಲಿ ನಮ್ಮ ಸೂಲಗಿತ್ತಿ ಬಿಳಿ ಸೀರೆ ಉಟ್ಟು ಕುಳಿತಳು. ಎರಡು ಕೂಸು ಕಳೆದುಕೊಂಡಿದ್ದ ನಾನು ಅಲ್ಲಿ ಒಬ್ಬ ಮಗಳನ್ನು ಹೆತ್ತೆ. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ದಿನಾ ದೀಪ ಹಚ್ಚುವಾಗ ದೇವರು ಮಾಡಿದ ಉಪಕಾರ ನೆನೆಯುವುದು ನನ್ನ ರೂಢಿ. ಮೊದಲನೆಯದು ಅವಳೇ.

ಏಕೀಕರಣವಾದ ದಿನ ಶಿರಹಟ್ಟಿಯಲ್ಲಿ ದೊಡ್ಡ ಮೆರವಣಿಗೆ. ಮುಂಬಯಿಯವರು, ಸಂಸ್ಥಾನದವರು, ನಿಜಾಮರವರು ಎಂದು ಚದುರಿದ್ದ ನಾವೆಲ್ಲ ಒಂದೇ ರಾಜ್ಯದವರಾದ ದಿನ. ಲಕ್ಷ್ಮೇಶ್ವರದಿಂದ, ಕಳಸಾಪುರದಿಂದ ನೆಂಟರು ಬಂದಿದ್ದರು. ಡೊಳ್ಳು, ಹಲಗೆ, ಸನಾದಿ. ಮೈದುನನನ್ನು ಮುಂದೆ ನಿಲ್ಲಿಸಿ ಹಾರ ಹಾಕಿದ್ದರು. ಮೆರವಣಿಗೆ ಚಾವಡಿಯ ಹತ್ತಿರ ಬಂದಾಗ ಅವನು ಹಾರ ತೆಗೆದು ಕೈಯಲ್ಲಿ ಹಿಡಿದು ಎದುರಿಗೆ ನಿಂತ. "ಒಳಗ ಒಬ್ಬಾಕಿ ಬ್ಯಾನಿ ತಿನ್ನಾಕತ್ತಾಳ. ಗುಡಿ ದಾಟೂ ತನಕ ಬಾಜಾ ನಿಲ್ಲಸ್ರಪಾ," ಅಂದ. ಅಷ್ಟು ಜನ, ಅಷ್ಟು ಡೊಳ್ಳು, ಎಲ್ಲ ಗಪ್ಪಾಯಿತು. ಕಾಲಿನ ಸಪ್ಪಳ ಮಾತ್ರ. ಗುಡಿ ದಾಟಿದ ಮೇಲೆ ಡೊಳ್ಳಿನವರು ಬಾರಿಸಿದ ರಭಸಕ್ಕೆ ನಮ್ಮ ಮಾಳಿಗೆಯ ಮಣ್ಣು ಉದುರಿತು. ಕೂಸು ಹುಟ್ಟಿದ್ದು ಮರುದಿನ ಮುಂಜಾನೆ. ಅದಕ್ಕೆ ಮೆರವಣಿಗೆಯ ಅವಸರವಿರಲಿಲ್ಲ.

ಜನ ಅವನನ್ನು ಆ ಮೆರವಣಿಗೆಯಿಂದ ನೆನೆಯುತ್ತಾರೆ. ನನಗೆ ಆ ಸೋಮವಾರವೇ ದೊಡ್ಡದು. ಸಾಹೇಬರ ಗಾಡಿ ಹೋದ ಮೇಲೆ ಅರವತ್ತೆರಡು ಮಂದಿ ಓಣಿ ತುಂಬ ನಡೆದು ಬಂದೆವು, ತಲೆಯ ಮೇಲಿನ ಸೆರಗು ಹೆಗಲಿಗೆ ಬಂದದ್ದು ಯಾರ ಲಕ್ಷ್ಯದಲ್ಲೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತ ಗಂಡಸರು, ತಮ್ಮ ಹೆಸರು ಯಾವ ಒಡಪಿನಲ್ಲಿ ಹೇಗೆ ಬಂತೆಂದು ಗೊತ್ತಿಲ್ಲದೆ, ಪಿಳಿಪಿಳಿ ನೋಡುತ್ತಿದ್ದರು. ಮನೆಯ ಮುಂದೆ ನಮ್ಮವರು ನಿಂತಿದ್ದರು.

"ಏನಂದೀ ನನ್ನ ಬಗ್ಗೆ, ಅಷ್ಟು ಮಂದಿ ಮುಂದ?" ಎಂದು ಕೇಳಿದರು.

"ಹೇಳಬಾರದ್ದು ಹೇಳೀನಿ. ಜ್ವರ ಗಿರ ಬಂದಾವೇನು ನೋಡ್ಕೋರಿ," ಅಂದೆ.

ಅವರು ತಮ್ಮ ಹಣೆ ತಾವೇ ಮುಟ್ಟಿ ನೋಡಿಕೊಂಡು ನಕ್ಕರು. ಬಾಗಿಲಲ್ಲಿ ಮೈದುನ ಕಾಲು ತೊಳೆದುಕೊಳ್ಳುತ್ತಿದ್ದ. ಎರಡೂ ಕಾಲು, ಹಿಮ್ಮಡಿ ತಿಕ್ಕಿ, ನಿಧಾನವಾಗಿ. ಅದನ್ನು ನೋಡಿ ನನ್ನ ಎದೆ ತಣ್ಣಗಾಯಿತು.

ಅತ್ತೆಯವರು ಆಗಲೇ ಒಳಗೆ ಹೋಗಿದ್ದರು. "ಏ ತಂಗಿ, ಒಡಪು ಹೇಳಿದ್ದು ಸಾಕು ಬಾ. ಬಿಸಿಲು ಇಳಿಯೂದರೊಳಗ ಕುಟ್ಟದಿದ್ರ ಮೆಣಸಿನಕಾಯಿ ಮೆತ್ತಗಾಕ್ಕಾವು," ಎಂದು ಕೂಗಿದರು. ಮೂರು ದಿನದಿಂದ ತೊಟ್ಟು ಅರ್ಧ ಮುರಿದು ಬಿಟ್ಟ ರಾಶಿ ಪಡಸಾಲೆಯಲ್ಲಿ ಹಾಗೆಯೇ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ತೊಟ್ಟು ಮುರಿದು, ಒರಳಿಗೆ ಮೊದಲ ಬೊಗಸೆ ಸುರಿದು ಒನಕೆ ಎತ್ತಿಕೊಂಡೆ.